ಕಡಲು ಮೇಲೆ ಬಂದರೆ ಮೊದಲು ಊರು ಬಿಡುವವರು ಯಾರು?

ಓದುಗರ ಪ್ರಶ್ನೆ: "ಹವಾಮಾನ ಕೆಟ್ಟು ಸಮುದ್ರ ಏರಿದರೆ, ಬರ ಬಂದರೆ ಬಡವರೆಲ್ಲ ಊರು ಬಿಡ್ತಾರೆ ಅಂತಾರೆ. ಬಾಂಗ್ಲಾದಿಂದ, ಒಡಿಶಾದಿಂದ, ಘಟ್ಟದ ಮೇಲಿನಿಂದ ಎಲ್ಲರೂ ನಮ್ಮ ಮಂಗಳೂರಿಗೇ ಬಂದು ತುಂಬಿದರೆ ಗತಿ ಏನು? ಜನ ಜಾಸ್ತಿ ಇದ್ದಲ್ಲಿಂದ ಕಮ್ಮಿ ಇದ್ದಲ್ಲಿಗೆ ಬರೋದು ಸಹಜ ಅಲ್ವಾ?"

ಈ ಪ್ರಶ್ನೆಗೆ ನಾನು ಉತ್ತರ ಕೊಡುತ್ತಿರುವುದು ಎಷ್ಟನೇ ಸಲ ಅಂತ ನೆನಪಿಲ್ಲ. ಮಳೆಗಾಲ ಹಿಡಿದು, ಉಳ್ಳಾಲದಲ್ಲೋ ಪಡುಕೆರೆಯಲ್ಲೋ ತೆಂಗಿನ ಮರ ಬುಡ ಸಮೇತ ಕಡಲಿಗೆ ಬಿದ್ದ ಫೋಟೋ ಪೇಪರಿನಲ್ಲಿ ಬಂದರೆ ಸಾಕು, ಶುರುವಾಗುತ್ತದೆ. ಮದುವೆ ಊಟದ ಪಂಕ್ತಿಯಲ್ಲಿ ಕೇಳುತ್ತಾರೆ. ಬಸ್ಸಿನಲ್ಲಿ ಕೇಳುತ್ತಾರೆ. ಹಳೆ ವಿದ್ಯಾರ್ಥಿಗಳ ವಾಟ್ಸಾಪ್ ಗ್ರೂಪಿನಲ್ಲಿ ರಾತ್ರಿ ಹನ್ನೊಂದು ಗಂಟೆಗೂ ಕೇಳುತ್ತಾರೆ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಸಮಾಜ ಪಾಠ ಹೇಳಿದವನು ನಾನು. ಹೇಳಿದ್ದನ್ನೇ ಹೇಳುವುದು ಹೊಸತಲ್ಲ. ಆದರೆ ಪ್ರಶ್ನೆ ಪ್ರತಿ ಸಲವೂ ಅದೇ ತಪ್ಪನ್ನು ಹೊತ್ತುಕೊಂಡೇ ಬಂದರೆ ಬೇಜಾರಾಗುತ್ತದೆ. ಈ ಸಲ ಪೂರ್ತಿ ಬರೆದಿಡುತ್ತೇನೆ. ಇನ್ನು ಕೇಳಿದವರಿಗೆ ಇದನ್ನೇ ಕಳಿಸುವುದು.

ಮೊದಲು ಪ್ರಶ್ನೆಯ ಕೊನೆಯ ಸಾಲನ್ನು ಮುಗಿಸಿಬಿಡೋಣ, ಅದು ಸುಲಭ. ಜನ ಜಾಸ್ತಿ ಇದ್ದಲ್ಲಿಂದ ಕಮ್ಮಿ ಇದ್ದಲ್ಲಿಗೆ ಬರುತ್ತಾರಾ? ನಮ್ಮ ಮನೆಗಳನ್ನೇ ನೋಡಿ. 2011ರ ಜನಗಣತಿಯಲ್ಲಿ ಉಡುಪಿ ಜಿಲ್ಲೆಯಲ್ಲಿ ಒಂದು ಚದರ ಕಿಲೋಮೀಟರಿಗೆ 329 ಜನ. ಮುಂಬೈಯಲ್ಲಿ ಸುಮಾರು 20 ಸಾವಿರ. ನಮ್ಮ ಅಜ್ಜಂದಿರು, ಮಾವಂದಿರು ಹೋದದ್ದು ಯಾವ ಕಡೆಗೆ? ಬೊಂಬಾಯಿಗೆ. ಹೋಟೆಲಿನಲ್ಲಿ ಲೋಟ ತೊಳೆಯಲು, ಆಮೇಲೆ ಅದೇ ಹೋಟೆಲಿನ ಗಲ್ಲೆಯಲ್ಲಿ ಕೂರಲು. ಜನ ಖಾಲಿ ಜಾಗ ಹುಡುಕಿಕೊಂಡು ಹೋಗುವುದಿಲ್ಲ. ಕೆಲಸ ಇದ್ದಲ್ಲಿಗೆ, ತಮ್ಮವರು ಒಬ್ಬರಾದರೂ ಇದ್ದಲ್ಲಿಗೆ ಹೋಗುತ್ತಾರೆ. ಇಷ್ಟು ಗೊತ್ತಿರುವುದಕ್ಕೆ ಪುಸ್ತಕ ಬೇಡ, ಕರಾವಳಿಯಲ್ಲಿ ಹುಟ್ಟಿದ್ದರೆ ಸಾಕು.

ಈಗ ಆ ಗಟ್ಟಿ ತಪ್ಪಿಗೆ ಬರುತ್ತೇನೆ. ಕಷ್ಟ ಬಂದಾಗ ಮೊದಲು ಊರು ಬಿಡುವವರು ತೀರಾ ಬಡವರು ಎನ್ನುವ ನಂಬಿಕೆ ಅದು. ಓದಿದವರೂ ನಂಬುತ್ತಾರೆ, ಭಾಷಣ ಮಾಡುವವರೂ ನಂಬುತ್ತಾರೆ. ನಿಜ ಹೆಚ್ಚುಕಮ್ಮಿ ಉಲ್ಟಾ ಉಂಟು.

ಕಳೆದ ಮಳೆಗಾಲದಲ್ಲಿ ಸೋಮೇಶ್ವರದಿಂದ ಉಚ್ಚಿಲದ ಕಡೆಗೆ ಕಡಲ ಬದಿಯಲ್ಲೇ ನಡೆದುಕೊಂಡು ಹೋಗಿದ್ದೆ. ಒಂದು ಕಡೆ ಎರಡು ಮನೆ ಅಕ್ಕಪಕ್ಕ ಇದ್ದವು. ನಡುವೆ ಒಂದೇ ಕಾಂಪೌಂಡು ಗೋಡೆ, ಅದೂ ಅರ್ಧ ಬಿದ್ದದ್ದು. ಒಂದು ತಾರಸಿ ಮನೆ, ಇನ್ನೊಂದು ಹಂಚಿನದು. ಕಡಲಿಗೆ ಎರಡರ ದೂರವೂ ಒಂದೇ. ತಾರಸಿ ಮನೆಗೆ ಬೀಗ. ಮಗ ಸೌದಿಯಲ್ಲಿ, ತಂದೆ ತಾಯಿ ಎರಡು ವರ್ಷದ ಹಿಂದೆಯೇ ತೊಕ್ಕೊಟ್ಟಿನಲ್ಲಿ ಫ್ಲ್ಯಾಟಿಗೆ ಹೋದರಂತೆ. ಹಂಚಿನ ಮನೆಯ ಜಗಲಿಯಲ್ಲಿ ಎಪ್ಪತ್ತು ದಾಟಿದ ಒಬ್ಬರು ಅಮ್ಮ ಕೂತಿದ್ದರು. ಮೊದಲು ಬುಟ್ಟಿ ಹೊತ್ತು ಮನೆಮನೆಗೆ ಮೀನು ಮಾರಿದವರು. ಈಗ ಮಂಡಿನೋವು. ಮಗ ಟ್ರಾಲ್ ಬೋಟಿಗೆ ಹೋಗುತ್ತಾನೆ. ಮಳೆಗಾಲದ ಎರಡು ತಿಂಗಳು, ಜೂನ್ ಒಂದರಿಂದ ಜುಲೈ ಕೊನೆಯವರೆಗೆ, ಯಾಂತ್ರಿಕ ಬೋಟುಗಳಿಗೆ ನಿಷೇಧ. ಆಗ ಸಿಕ್ಕಿದ ಕೂಲಿ.

"ನೀವೂ ಒಳಗೆ ಹೋಗಬಹುದಿತ್ತಲ್ಲ ಅಮ್ಮಾ?" ಅಂತ ಕೇಳಿದೆ.

"ಹೋಗುವುದು ಎಲ್ಲಿಗೆ ಮಾಸ್ಟ್ರೇ? ಅವರು ಹಣ ಕೊಟ್ಟು ಹೋದರು. ನಾವು ಈ ಜಾಗ ಮಾರಿ ಹೋಗುವ ಅಂದರೆ, ಸಮುದ್ರಕ್ಕೆ ಹೋಗುವ ಜಾಗವನ್ನು ಯಾರು ತಗೊಳ್ತಾರೆ?"

ಆಮೇಲೆ ಅಲೆ ಒಡೆಯುತ್ತಿದ್ದ ಜಾಗಕ್ಕೆ ಕೈ ತೋರಿಸಿ, "ಅಗೋ ಅಲ್ಲಿ ನಮ್ಮ ಬಾವಿ ಇತ್ತು" ಅಂದರು. ನಾನು ನೋಡಿದೆ. ಕಪ್ಪು ಕಲ್ಲುಗಳ ಸಾಲು, ಅದರಾಚೆ ನೊರೆ. ಬಾವಿ ಇದ್ದ ಗುರುತೇ ಇಲ್ಲ.

ಆ ಅಮ್ಮ ಹೇಳಿದ ಎರಡು ವಾಕ್ಯದಲ್ಲಿ ಇಡೀ ವಿಷಯ ಉಂಟು. ಊರು ಬಿಡುವುದಕ್ಕೆ ಕಾಸು ಬೇಕು. ಬಡವರ ಕಾಸು ಇರುವುದು ಬ್ಯಾಂಕಿನಲ್ಲಿ ಅಲ್ಲ. ಐದು ಸೆಂಟ್ಸ್ ಜಾಗದಲ್ಲಿ, ನಾಲ್ಕು ತೆಂಗಿನ ಮರದಲ್ಲಿ, ಒಂದು ದೋಣಿಯಲ್ಲಿ, ಎರಡು ದನದಲ್ಲಿ. ಕಡಲ್ಕೊರೆತ ಅಥವಾ ಬರ ಮೊದಲು ತಿನ್ನುವುದು ಅದನ್ನೇ. ಹೊರಡಬೇಕಾದ ಕಾರಣ ಎಷ್ಟು ಜೋರಾಗುತ್ತದೋ, ಹೊರಡುವ ಶಕ್ತಿ ಅಷ್ಟೇ ಇಳಿಯುತ್ತದೆ. ಪಕ್ಕದ ಮನೆಯವರ ಹಣ ಇದ್ದದ್ದು ಸೌದಿಯಲ್ಲಿ. ಅಲ್ಲಿಗೆ ನಮ್ಮ ಅಲೆ ಮುಟ್ಟುವುದಿಲ್ಲ. ಅವರು ಹೋಗಲು ಸಾಧ್ಯವಾಯಿತು, ಒಳ್ಳೆಯದಾಯಿತು. ಆದರೆ "ಹೋದವರು ಯಾರು" ಅಂತ ಲೆಕ್ಕ ಹಾಕುವಾಗ ಇದನ್ನು ಮರೆಯಬಾರದು.

ಇದು ಒಂದು ಕೇರಿಯ ಕಥೆ ಅಂತ ನೀವು ಹೇಳಬಹುದು. ಸರಿ, ದೂರ ಹೋಗೋಣ. ಪಶ್ಚಿಮ ಆಫ್ರಿಕಾದ ಮಾಲಿ ದೇಶದಲ್ಲಿ 1983ರಿಂದ 85ರವರೆಗೆ ಭೀಕರ ಬರ ಬಂತು. ಅಲ್ಲಿ ಸೆನೆಗಲ್ ನದಿ ದಡದ ಹಳ್ಳಿಗಳಿಂದ ಗಂಡಸರು ಮೊದಲಿನಿಂದಲೂ ದುಡಿಯಲು ಫ್ರಾನ್ಸಿಗೆ ಹೋಗುತ್ತಿದ್ದರು, ನಮ್ಮವರು ಗಲ್ಫಿಗೆ ಹೋದ ಹಾಗೆ. ಬರ ಬಂದಾಗ ಹೆಚ್ಚು ಜನ ಹೋಗಿರಬೇಕು ಅಂತ ಎಲ್ಲರ ಊಹೆ. ಬರಕ್ಕೆ ಮುಂಚಿನ ಲೆಕ್ಕವನ್ನು ಬರದ ಕಾಲದ ಲೆಕ್ಕದ ಪಕ್ಕ ಇಟ್ಟು ನೋಡಿದಾಗ ಒಟ್ಟು ವಲಸೆ ಏರಿರಲಿಲ್ಲ. ಫ್ರಾನ್ಸಿಗೆ ಹೋಗುವುದು ಕಮ್ಮಿಯಾಗಿತ್ತು! ಟಿಕೆಟ್ಟಿಗೆ ದುಡ್ಡಿದ್ದರೆ ತಾನೇ? ಹೆಚ್ಚಾದದ್ದು ಬೇರೆ. ಹೆಂಗಸರು ಮಕ್ಕಳನ್ನು ಕಟ್ಟಿಕೊಂಡು ಹತ್ತಿರದ ಊರಿಗೆ ಹೋಗಿ, ಕೆಲವು ತಿಂಗಳು ದುಡಿದು ವಾಪಸ್ ಬರುವುದು ಹೆಚ್ಚಾಯಿತು.

ಬಾಂಗ್ಲಾದೇಶದ ಬಗ್ಗೆಯೇ ಕೇಳಿದ್ದೀರಲ್ಲ, ಅದಕ್ಕೂ ಬರುತ್ತೇನೆ. ಅಲ್ಲಿನ ಹಳ್ಳಿಗಳ ಕುಟುಂಬಗಳನ್ನು ಸುಮಾರು ಹದಿನೈದು ವರ್ಷ ಹಿಂಬಾಲಿಸಿ ಮಾಡಿದ ಒಂದು ಅಧ್ಯಯನ 2012ರಲ್ಲಿ ಬಂತು. ನೆರೆಯಿಂದ ವಲಸೆ ಆಗಿತ್ತು, ಆದರೆ ನಾವು ಅಂದುಕೊಂಡಷ್ಟು ಇಲ್ಲ. ಮಧ್ಯಮ ಮಟ್ಟದ ನೆರೆಯಲ್ಲಿ ಬಡವರು, ಹೆಂಗಸರು ಸ್ವಲ್ಪ ಹೆಚ್ಚು ಕದಲಿದ್ದರು. ಅದನ್ನು ನಾನು ಮುಚ್ಚಿಡುವುದಿಲ್ಲ. ನೆರೆಗಿಂತ ಜೋರಾಗಿ ಜನರನ್ನು ಎಬ್ಬಿಸಿದ್ದು ಬೆಳೆ ಹೋದದ್ದು. ಬೆಳೆ ಹೋದ ಊರಿನಲ್ಲಿ ಅತಿ ಹೆಚ್ಚು ಹೊರಟವರು ಯಾರು ಗೊತ್ತಾ? ಸುತ್ತಮುತ್ತ ಎಲ್ಲರದ್ದೂ ಹಾಳಾಗಿ, ತಮ್ಮ ಬೆಳೆ ಉಳಿದುಕೊಂಡಿದ್ದವರು. ಅವರಿಗೆ ಕಾರಣವೂ ಇತ್ತು, ಕೈಯಲ್ಲಿ ಕಾಸೂ ಇತ್ತು. ಬೆಳೆ ಕಳೆದುಕೊಂಡವರು ಹೆಚ್ಚಾಗಿ ಅಲ್ಲೇ ಉಳಿದರು. ಈ ಸಾಲನ್ನು ದಯವಿಟ್ಟು ಇನ್ನೊಮ್ಮೆ ಓದಿ. ತರಗತಿಯಲ್ಲಿ ಆಗಿದ್ದರೆ ನಾನು ಬೋರ್ಡಿನಲ್ಲಿ ಬರೆದು ಅಡಿಗೆರೆ ಎಳೆಯುತ್ತಿದ್ದೆ.

ಹೀಗೆ ಹೊರಡಲಾಗದೆ ಸಿಕ್ಕಿಬಿದ್ದವರ ಬಗ್ಗೆ ಬ್ರಿಟನ್ ಸರ್ಕಾರ ಮಾಡಿಸಿದ ದೊಡ್ಡ ವರದಿಯೊಂದು 2011ರಲ್ಲೇ ಎಚ್ಚರಿಸಿತ್ತು. ಊರು ಬಿಟ್ಟು ಬರುವವರಷ್ಟೇ, ಬಿಡಲಾಗದೆ ಅಪಾಯದ ಜಾಗದಲ್ಲೇ ಉಳಿಯುವವರೂ ದೊಡ್ಡ ಸಮಸ್ಯೆ ಅಂತ. ಆದರೆ ಪೇಪರಿನಲ್ಲಿ ಬರುವುದು ಹೊರಟವರ ಫೋಟೋ. ಜಗಲಿಯಲ್ಲಿ ಕೂತ ಅಮ್ಮನ ಫೋಟೋ ಯಾರು ಹಾಕುತ್ತಾರೆ?

ಹಾಗಾದರೆ ಈ ನಂಬಿಕೆ ಎಲ್ಲಿಂದ ಬಂತು? ಲೆಕ್ಕ ಹಾಕುವ ಒಂದು ಸುಲಭ ರೀತಿಯಿಂದ. ಅಪಾಯದ ಜಾಗದಲ್ಲಿ ಎಷ್ಟು ಜನ ಇದ್ದಾರೆ ಅಂತ ಎಣಿಸಿದರು. ಅವರೆಲ್ಲ ಎದ್ದು ಹೊರಡುತ್ತಾರೆ ಅಂತ ಬರೆದರು. 2005ರಲ್ಲಿ ವಿಶ್ವಸಂಸ್ಥೆಯ ಕಡೆಯಿಂದಲೇ ಒಂದು ಮಾತು ಬಂತು, 2010ರ ಹೊತ್ತಿಗೆ 5 ಕೋಟಿ ಪರಿಸರ ನಿರಾಶ್ರಿತರು ಇರುತ್ತಾರೆ ಅಂತ. 2010 ಬಂತು, ಹೋಯಿತು. ಆ 5 ಕೋಟಿ ಜನ ಎಲ್ಲಿಯೂ ಕಾಣಲಿಲ್ಲ. ಅಪಾಯ ಸುಳ್ಳು ಅಂತ ಇದರ ಅರ್ಥ ಅಲ್ಲ. ಜನ ಹಾಗೆ ಕದಲುವುದಿಲ್ಲ ಅಂತ ಮಾತ್ರ ಅರ್ಥ.

2021ರಲ್ಲಿ ವಿಶ್ವಬ್ಯಾಂಕ್ ಹೆಚ್ಚು ಎಚ್ಚರದಿಂದ ಲೆಕ್ಕ ಹಾಕಿತು. ಏನೂ ಕ್ರಮ ತೆಗೆದುಕೊಳ್ಳದಿದ್ದರೆ 2050ರ ಹೊತ್ತಿಗೆ ಜಗತ್ತಿನ ಆರು ಭಾಗಗಳಲ್ಲಿ 21.6 ಕೋಟಿ ಜನರವರೆಗೆ ಜಾಗ ಬದಲಿಸಬೇಕಾಗಬಹುದು. ದಕ್ಷಿಣ ಏಷ್ಯಾದಲ್ಲಿ ಸುಮಾರು 4 ಕೋಟಿ. ಈ ಅಂಕಿಯನ್ನು ಫಾರ್ವರ್ಡ್ ಮಾಡುವವರು ಒಂದು ಪದ ಬಿಟ್ಟುಬಿಡುತ್ತಾರೆ. ಅದು ತಮ್ಮ ತಮ್ಮ ದೇಶದ "ಒಳಗೆ" ಆಗುವ ವಲಸೆ. ಬಾಂಗ್ಲಾದಲ್ಲಿ ಭೋಲಾ ದ್ವೀಪ ಕೊರೆದು ಹೋದಾಗ ಜನ ಢಾಕಾಗೆ ಹೋದರು. ಅಲ್ಲಿ ಭೋಲಾ ಬಸ್ತಿ ಅಂತಲೇ ಒಂದು ಕೇರಿ ಉಂಟು. ತಮ್ಮ ಭಾಷೆ, ತಮ್ಮ ನೆಂಟರು, ತಮಗೆ ಗೊತ್ತಿರುವ ಕೆಲಸ ಇದ್ದಲ್ಲಿಗೆ ಹೋದರು. ಮಂಗಳೂರಿನ ನೇತ್ರಾವತಿ ಸೇತುವೆ ಅವರ ದಾರಿಯಲ್ಲಿ ಇಲ್ಲ.

"ಮತ್ತೆ ನಮ್ಮಲ್ಲಿಗೆ ಇಷ್ಟು ಜನ ಬಂದಿದ್ದಾರಲ್ಲ ಸಾರ್?" ಇದು ಮುಂದಿನ ಪ್ರಶ್ನೆ, ಗೊತ್ತು. ಬಂದಿದ್ದಾರೆ. ಕಟ್ಟಡ ಕೆಲಸಕ್ಕೆ ಕೊಪ್ಪಳ, ಗದಗ, ಬಾಗಲಕೋಟೆಯವರು. ಮಲ್ಪೆ ಬಂದರಿನಲ್ಲಿ, ಮಂಗಳೂರು ದಕ್ಕೆಯಲ್ಲಿ ಒಡಿಶಾ, ಆಂಧ್ರದವರು. 2023ರಲ್ಲಿ ಕರ್ನಾಟಕದ 236 ತಾಲೂಕುಗಳಲ್ಲಿ 223ನ್ನು ಬರಪೀಡಿತ ಅಂತ ಘೋಷಿಸಿದರು. ಬರಕ್ಕೂ ಈ ವಲಸೆಗೂ ಸಂಬಂಧ ಇಲ್ಲ ಅಂತ ನಾನು ಹೇಳುವುದಿಲ್ಲ. ಆದರೆ ಬಂದವರು ಯಾರು ನೋಡಿ. ನಮ್ಮ ಮನೆ ಎದುರಿನ ಸೈಟಿನಲ್ಲಿ ಕೊಪ್ಪಳದ ಏಳು ಜನ ಇದ್ದರು. ಎಲ್ಲರೂ ಹದಿನೆಂಟರಿಂದ ನಲವತ್ತರ ಒಳಗಿನವರು. ಮೇಸ್ತ್ರಿ ಅವರದ್ದೇ ಊರಿನವನು, ಅಡ್ವಾನ್ಸ್ ಅವನೇ ಕೊಟ್ಟದ್ದು. ಊರಲ್ಲಿ ಯಾರಿದ್ದಾರೆ ಅಂತ ಕೇಳಿದರೆ ಏಳು ಜನರದ್ದೂ ಒಂದೇ ಉತ್ತರ: "ಅವ್ವ ಅದಾಳ್ರೀ, ಸಣ್ಣ ಹುಡುಗ್ರು ಅದಾವ್ರೀ." ಮೇಸ್ತ್ರಿಯ ಪರಿಚಯ ಇಲ್ಲದವನು ಬರಲಿಲ್ಲ. ಕಾಲು ಮುರಿದವನು ಬರಲಿಲ್ಲ. ಅವ್ವನೂ ಬರಲಿಲ್ಲ. ಬರ ಬಂದದ್ದು ಊರಿಗೆಲ್ಲ. ಬಸ್ಸು ಹತ್ತಿದವರು ಗಟ್ಟಿ ಮೈಯವರು, ಕರೆಯುವವರು ಇದ್ದವರು.

ಇಲ್ಲಿಗೆ ಬಂದವರ ಮೇಲೆ ಹವಾಮಾನದ ಹೊಡೆತ ನಿಂತುಹೋಗುತ್ತದೆ ಅಂತಲೂ ಅಲ್ಲ. ಅವರು ಮಲಗುವುದು ತಗಡು ಶೀಟಿನ ಕೆಳಗೆ. ಏಪ್ರಿಲ್ ಸೆಕೆಯಲ್ಲಿ ಹಂಚಿನ ಮನೆಯಲ್ಲೇ ನಮಗೆ ನಿದ್ದೆ ಬರುವುದಿಲ್ಲ, ಇನ್ನು ತಗಡಿನ ಕೆಳಗೆ? 2019ರ ಬೇಸಿಗೆಯಲ್ಲಿ ತುಂಬೆ ಅಣೆಕಟ್ಟಿನ ನೀರು ಇಳಿದು ಮಂಗಳೂರಿಗೆ ರೇಷನಿಂಗ್ ಆಯಿತು, ಉಡುಪಿಗೆ ನೀರು ಕೊಡುವ ಬಜೆಯೂ ಬತ್ತಿತು. ಆಗ ನಾವು ಬಾವಿಗೋ ಟ್ಯಾಂಕರಿಗೋ ಹೋದೆವು. ಬಾಡಿಗೆ ರೂಮಿನಲ್ಲಿ ಹತ್ತು ಜನ ಇದ್ದವರಿಗೆ ಬಾವಿಯೂ ಇಲ್ಲ, ಟ್ಯಾಂಕರಿಗೆ ಕೊಡುವ ದುಡ್ಡೂ ಇಲ್ಲ.

ಜನರ ಸಂಖ್ಯೆ ನೋಡಿ ಅಪಾಯ ಅಳೆಯುವವರಿಗೆ ಇನ್ನೊಂದು ಲೆಕ್ಕ ಕೊಡುತ್ತೇನೆ. ಬಾಂಗ್ಲಾ ಕರಾವಳಿಗೆ 1970ರಲ್ಲಿ ಬಂದ ಭೋಲಾ ಚಂಡಮಾರುತಕ್ಕೆ 3 ಲಕ್ಷಕ್ಕೂ ಹೆಚ್ಚು ಜನ ಸತ್ತರು. 1991ರ ಏಪ್ರಿಲ್ ಚಂಡಮಾರುತದಲ್ಲಿ ಸುಮಾರು 1 ಲಕ್ಷದ 38 ಸಾವಿರ. 2007ರಲ್ಲಿ ಸಿದ್ರ್ ಬಂದಾಗ ಮೂರೂವರೆ ಸಾವಿರದ ಆಸುಪಾಸು. ಈ ನಡುವೆ ಅಲ್ಲಿನ ಜನಸಂಖ್ಯೆ ಎರಡು ಪಟ್ಟಾಗಿತ್ತು! ಒಡಿಶಾದಲ್ಲಿ 1999ರ ಚಂಡಮಾರುತಕ್ಕೆ ಸುಮಾರು 10 ಸಾವಿರ ಜನ ಹೋದರು. 2013ರಲ್ಲಿ ಫೈಲಿನ್ ಬರುವ ಮೊದಲೇ ಹತ್ತಿರ ಹತ್ತಿರ 10 ಲಕ್ಷ ಜನರನ್ನು ಸುರಕ್ಷಿತ ಜಾಗಕ್ಕೆ ಸಾಗಿಸಿದರು, ಸತ್ತವರು ನೂರು ಮುಟ್ಟಲಿಲ್ಲ. ಜನ ಹೆಚ್ಚಾದರು, ಸಾವು ಕಮ್ಮಿಯಾಯಿತು. ಮುನ್ಸೂಚನೆ, ಎತ್ತರದ ಆಶ್ರಯ ಕಟ್ಟಡ, ಮನೆಮನೆಗೆ ಹೋಗಿ ಕರೆಯುವ ಸ್ವಯಂಸೇವಕರು. ಮಾಡಿದ್ದು ಇವು.

ಹಾಗಂತ ಜನಸಂಖ್ಯೆಯ ಲೆಕ್ಕ ನೋಡುವುದೇ ಬೇಡವಾ? ಬೇಕು. ಒಟ್ಟು ಎಷ್ಟು ಅಂತ ನೋಡಿದರೆ ಸಾಲದು. ಹೆಂಗಸರೆಷ್ಟು, ಗಂಡಸರೆಷ್ಟು, ವಯಸ್ಸೆಷ್ಟು, ಯಾವ ಕೆಲಸ, ಯಾವ ಭಾಷೆ, ಒಬ್ಬರೇ ಇರುವವರು ಎಷ್ಟು. ಇದನ್ನು ನೋಡಬೇಕು.

ಅದೇ 1991ರ ಚಂಡಮಾರುತದಲ್ಲಿ ಇಪ್ಪತ್ತರಿಂದ ನಲವತ್ತನಾಲ್ಕು ವರ್ಷದ ಹೆಂಗಸರಲ್ಲಿ ಸಾವಿರಕ್ಕೆ 71 ಜನ ಸತ್ತರು. ಅದೇ ವಯಸ್ಸಿನ ಗಂಡಸರಲ್ಲಿ ಸಾವಿರಕ್ಕೆ 15. ಒಂದೇ ಊರು, ಒಂದೇ ರಾತ್ರಿ, ಒಂದೇ ಅಲೆ. ಕಾರಣ ಕೇಳಿದರೆ ಹೊಟ್ಟೆ ಉರಿಯುತ್ತದೆ. ಎಚ್ಚರಿಕೆ ಕೇಳಿದವರು ಪೇಟೆಯಲ್ಲಿದ್ದ ಗಂಡಸರು. ಹೆಂಗಸರು ಮನೆಯಲ್ಲಿ ಮಕ್ಕಳನ್ನು ಹಿಡಿದುಕೊಂಡು, ಗಂಡ ಬರಲಿ ಅಂತ ಕಾದರು. ಈಜು ಬಾರದು. ನೀರಲ್ಲಿ ಸೀರೆ ಕಾಲಿಗೆ ಸುತ್ತಿಕೊಂಡಿತು. ಆಶ್ರಯ ಕಟ್ಟಡದಲ್ಲಿ ಹೆಂಗಸರಿಗೆ ಬೇರೆ ಜಾಗ ಇಲ್ಲ, ಪರ ಗಂಡಸರ ನಡುವೆ ಹೇಗೆ ಇರುವುದು ಅಂತ ಹೋಗದೆ ಉಳಿದವರೂ ಇದ್ದರು. ಆಮೇಲೆ ಹೆಂಗಸರಿಗೆ ಬೇರೆ ಕೋಣೆ, ದನಗಳಿಗೂ ಜಾಗ ಮಾಡಿ ಕಟ್ಟಿದರು. ದನವನ್ನು ಬಿಟ್ಟು ಬಾ ಅಂದರೆ ಬಡವರು ಬರುವುದಿಲ್ಲ. ಅವರ ಬ್ಯಾಂಕು ಅದೇ ಅಂತ ಆಗಲೇ ಹೇಳಿದೆನಲ್ಲ.

ಹೆಂಗಸರಿಗೇ ಯಾವಾಗಲೂ ಹೆಚ್ಚು ಅಪಾಯ ಅಂತ ಬಾಯಿಪಾಠ ಮಾಡಬೇಡಿ. 2017ರ ನವೆಂಬರ್ ಕೊನೆಗೆ ಒಖಿ ಚಂಡಮಾರುತ ಬಂದಾಗ ತಿರುವನಂತಪುರ, ಕನ್ಯಾಕುಮಾರಿ ಕಡೆಯ ಮೀನುಗಾರರು ನೂರಾರು ಜನ ಕಣ್ಮರೆಯಾದರು. ಎಲ್ಲ ಗಂಡಸರು, ಕಡಲಲ್ಲಿ ಇದ್ದವರು. ದಡದಲ್ಲಿ ಬುಟ್ಟಿ ಹಿಡಿದು ಕಾದ ಹೆಂಗಸರು ಬದುಕಿದರು, ಆಮೇಲೆ ಮನೆಯ ಸಾಲ ಅವರ ತಲೆಗೆ ಬಂತು. ಗಾಳಿ ಬಂದ ಹೊತ್ತಿಗೆ ಯಾರು ಎಲ್ಲಿ ಇರುತ್ತಾರೆ ಎನ್ನುವುದು ಅವರು ಮಾಡುವ ಕೆಲಸದ ಮೇಲೆ ನಿಂತಿರುತ್ತದೆ. 2021ರ ಮೇಯಲ್ಲಿ ತೌಕ್ತೆ ನಮ್ಮ ಕರಾವಳಿಯ ಪಕ್ಕದಲ್ಲೇ ಹಾದು ಹೋದಾಗ ಕಾಪು ಹತ್ತಿರ ಬಂಡೆಗೆ ಸಿಕ್ಕಿದ ಟಗ್ಗಿನಲ್ಲಿ (ದೊಡ್ಡ ಹಡಗನ್ನು ಎಳೆಯುವ ಸಣ್ಣ ಹಡಗು) ಒಂಬತ್ತು ಜನ ಸಿಬ್ಬಂದಿ ಇದ್ದರು. ನೌಕಾಪಡೆ, ಕೋಸ್ಟ್ ಗಾರ್ಡ್‌ನವರು ಅವರನ್ನು ಉಳಿಸಿದರು. ನಮಗೆಲ್ಲ ನೆನಪಿರುವ ದೃಶ್ಯ ಅದು.

ಭಾಷೆಯ ಮಾತು ಬಂತಲ್ಲ, ಒಂದು ಸಣ್ಣ ವಿಷಯ ಹೇಳಿ ಮುಂದೆ ಹೋಗುತ್ತೇನೆ. ಬಂದರಿನಲ್ಲಿ ಮೈಕಿನಲ್ಲಿ ಕೂಗುವ ಎಚ್ಚರಿಕೆ ಕನ್ನಡದಲ್ಲಿ, ಇಲ್ಲವೇ ತುಳುವಿನಲ್ಲಿ. ಬಲೆ ಎಳೆಯುವ ಹುಡುಗ ಒಡಿಯಾ ಮಾತಾಡುವವನು. ತಂಡೇಲ, ಅಂದರೆ ಬೋಟು ನಡೆಸುವವನು, ಹೇಳಿದರೆ ಅವನಿಗೆ ಗೊತ್ತಾಗುತ್ತದೆ, ಇಲ್ಲದಿದ್ದರೆ ಇಲ್ಲ. ಇದನ್ನು ಸರಿಮಾಡಲು ಕೋಟಿ ರೂಪಾಯಿ ಬೇಡ, ಮೂರು ಭಾಷೆಯಲ್ಲಿ ರೆಕಾರ್ಡ್ ಮಾಡಿಟ್ಟರೆ ಆಯಿತು.

ಇನ್ನು ವಯಸ್ಸು. ನಮ್ಮ ಎರಡು ಜಿಲ್ಲೆಗಳಿಗೆ ನಿಜವಾಗಿ ತಟ್ಟುವುದು ಇದು, ಯಾರೂ ಕೇಳದೇ ಇರುವುದೂ ಇದನ್ನೇ. ಎಲ್ಲರೂ ಬರುವವರ ಬಗ್ಗೆ ಕೇಳುತ್ತಾರೆ. ಹೋದವರು ಹಿಂದೆ ಬಿಟ್ಟುಹೋದ ಮನೆಯ ಬಗ್ಗೆ ಯಾಕೆ ಕೇಳುವುದಿಲ್ಲ?

2001ರಿಂದ 2011ರ ನಡುವೆ ಕರ್ನಾಟಕದ ಜನಸಂಖ್ಯೆ ನೂರಕ್ಕೆ 15ಕ್ಕಿಂತ ಹೆಚ್ಚು ಬೆಳೆಯಿತು. ಉಡುಪಿ ಜಿಲ್ಲೆಯದ್ದು 6 ಕೂಡ ಇಲ್ಲ. ಅದೇ ಗಣತಿಯಲ್ಲಿ ಉಡುಪಿಯಲ್ಲಿ ಸಾವಿರ ಗಂಡಸರಿಗೆ 1094 ಹೆಂಗಸರು, ರಾಜ್ಯಕ್ಕೇ ಹೆಚ್ಚು. ದಕ್ಷಿಣ ಕನ್ನಡದಲ್ಲಿ 1020. ಈ ಅಂಕಿ ಹೇಳಿ ನಾವು ಹೆಮ್ಮೆಪಡುತ್ತೇವೆ. ಹೆಮ್ಮೆಪಡುವ ವಿಷಯವೂ ಅದರಲ್ಲಿ ಉಂಟು, ಇಲ್ಲಿ ಹೆಣ್ಣುಮಕ್ಕಳು ಓದುತ್ತಾರೆ, ಬದುಕುತ್ತಾರೆ. ಆದರೆ ಗಂಡಸರು ಮುಂಬೈಯಲ್ಲಿ, ದುಬೈಯಲ್ಲಿ, ಬೆಂಗಳೂರಿನಲ್ಲಿ ಇದ್ದಾರೆ ಅಂತಲೂ ಅದೇ ಅಂಕಿ ಹೇಳುತ್ತದೆ. ದೊಡ್ಡ ಮನೆ, ನಾಲ್ಕು ಕೋಣೆ, ಗ್ರಾನೈಟ್ ನೆಲ, ಒಳಗೆ ಒಬ್ಬರೇ ಅಮ್ಮ. ಹೊರಗೆ ನಾಯಿ, ಗೇಟಿಗೆ ಬೀಗ. ಇಂಥ ಮನೆ ನಿಮ್ಮ ದಾರಿಯಲ್ಲಿ ಎಷ್ಟಿವೆ ಅಂತ ನಾಳೆ ನಡೆಯುವಾಗ ಎಣಿಸಿ.

2003ರ ಆಗಸ್ಟ್‌ನಲ್ಲಿ ಫ್ರಾನ್ಸಿನಲ್ಲಿ ಬಿಸಿಗಾಳಿ ಬಂದು ಸುಮಾರು 15 ಸಾವಿರ ಜನ ಸತ್ತರು. ಶ್ರೀಮಂತ ದೇಶ, ಒಳ್ಳೆ ಆಸ್ಪತ್ರೆಗಳು. ಸತ್ತವರಲ್ಲಿ ಹೆಚ್ಚಿನವರು ಎಪ್ಪತ್ತೈದು ದಾಟಿದವರು, ಒಂಟಿಯಾಗಿ ಇದ್ದವರೂ ಬಹಳ. ಆಗಸ್ಟ್ ಅಲ್ಲಿ ರಜೆಯ ತಿಂಗಳು. ಮಕ್ಕಳು ಪ್ರವಾಸ ಹೋಗಿದ್ದರು. ಅಮೆರಿಕದಲ್ಲಿ 2005ರ ಕತ್ರಿನಾ ಚಂಡಮಾರುತದಲ್ಲೂ ಹಾಗೇ. ಲೂಸಿಯಾನಾದಲ್ಲಿ ಸತ್ತವರಲ್ಲಿ ಹೆಚ್ಚುಕಮ್ಮಿ ಅರ್ಧದಷ್ಟು ಜನ ಎಪ್ಪತ್ತೈದು ದಾಟಿದವರು. ಅಲ್ಲಿ ಕೊರತೆ ಇದ್ದದ್ದು ಬಾಗಿಲು ತಟ್ಟಿ "ಹೇಗಿದ್ದೀರಿ" ಅಂತ ಕೇಳುವವರದ್ದು.

ನಮ್ಮ ಸೆಕೆ ಇನ್ನೂ ಮೋಸದ್ದು. ಥರ್ಮಾಮೀಟರ್ ನೋಡಿದರೆ ಕಲಬುರಗಿಯ ಮುಂದೆ ನಮ್ಮದು ಏನೂ ಅಲ್ಲ. ಆದರೆ ಗಾಳಿಯಲ್ಲಿ ನೀರಿನ ಪಸೆ ಎಷ್ಟು! ಮೈ ತಣ್ಣಗಾಗುವುದು ಬೆವರು ಬಂದಾಗ ಅಲ್ಲ, ಬೆವರು ಆರಿದಾಗ. ಇಲ್ಲಿ ಆರುವುದೇ ಇಲ್ಲ, ಹರಿಯುತ್ತದೆ. ಅದಕ್ಕೇ ಹವಾಮಾನ ಇಲಾಖೆ ಬಿಸಿಗಾಳಿ ಅಂತ ಘೋಷಿಸುವಾಗ ಬಯಲು ಸೀಮೆಗೆ 40 ಡಿಗ್ರಿ ನೋಡಿದರೆ, ಕರಾವಳಿಗೆ 37ರಿಂದಲೇ ಲೆಕ್ಕ ಶುರು ಮಾಡುತ್ತದೆ. ವಯಸ್ಸಾದವರಿಗೆ ಬೆವರು ಬರುವುದೂ ಕಮ್ಮಿ, ಬಾಯಾರಿಕೆ ಗೊತ್ತಾಗುವುದೂ ಕಮ್ಮಿ. ಕೆಲವು ಬಿಪಿ ಮಾತ್ರೆಗಳು ಮೈಯ ನೀರನ್ನು ಹೊರಗೆ ಹಾಕುತ್ತವೆ. ಅಮ್ಮ ಫೋನಿನಲ್ಲಿ "ಸೆಕೆ ಉಂಟು, ಬೇರೇನೂ ಇಲ್ಲ" ಅಂದರೆ ಅದನ್ನು ಮಾಮೂಲಿ ಮಾತು ಅಂತ ಬಿಡಬೇಡಿ. ಫ್ರಾನ್ಸಿನವರು 2003ರ ನಂತರ ಊರೂರಲ್ಲಿ ಒಂಟಿ ಹಿರಿಯರ ಪಟ್ಟಿ ಮಾಡಲು ಶುರು ಮಾಡಿದರು. ಬಿಸಿ ಏರಿದ ದಿನ ಫೋನ್ ಮಾಡಿ ವಿಚಾರಿಸುತ್ತಾರೆ. ನಮ್ಮಲ್ಲಿ ಆಶಾ ಕಾರ್ಯಕರ್ತೆಗೆ ತನ್ನ ವಾರ್ಡಿನ ಅಂಥ ಮನೆಗಳೆಲ್ಲ ಬಾಯಲ್ಲೇ ಗೊತ್ತು. ಬರೆದಿಡುವ ಪುಸ್ತಕ ಒಂದು ಇಲ್ಲ, ಅಷ್ಟೇ.

ಗಣತಿಯ ಮಾತು ಬಂದಿತಲ್ಲ, ಅದನ್ನೂ ಹೇಳಿಬಿಡುತ್ತೇನೆ. ಹವಾಮಾನದ ಕಾರಣಕ್ಕೆ ನಮ್ಮ ಜಿಲ್ಲೆಯಲ್ಲಿ ಎಷ್ಟು ಜನ ಜಾಗ ಬದಲಿಸಿದ್ದಾರೆ ಅಂತ ಲೆಕ್ಕ ಬೇಕಾದರೆ ಎಲ್ಲಿ ನೋಡಬೇಕು? ಜನಗಣತಿಯಲ್ಲಿ ಅಂತ ನೀವು ಅಂದುಕೊಂಡರೆ ತಪ್ಪಿಲ್ಲ. ಅಲ್ಲಿ "ಮೊದಲು ಎಲ್ಲಿದ್ದಿರಿ, ಯಾಕೆ ಬಂದಿರಿ" ಅಂತ ಕೇಳುತ್ತಾರೆ. ಕೆಲಸ, ವ್ಯಾಪಾರ, ಓದು, ಮದುವೆ, ಮನೆಯವರ ಜೊತೆ ಬಂದದ್ದು, ಹೀಗೆ ಕಾರಣಗಳ ಪಟ್ಟಿ ಇರುತ್ತದೆ. 1991ರಲ್ಲಿ ಆ ಪಟ್ಟಿಯಲ್ಲಿ ಬರ, ನೆರೆಯಂಥ ಪ್ರಕೃತಿ ವಿಕೋಪ ಅಂತ ಇನ್ನೊಂದು ಕಾರಣವೂ ಇತ್ತು. 2001ರಲ್ಲಿ ಅದನ್ನು ತೆಗೆದರು. 2011ರಲ್ಲೂ ಇರಲಿಲ್ಲ. ಹವಾಮಾನ ವಲಸೆಯ ಬಗ್ಗೆ ಇಡೀ ಜಗತ್ತು ಮಾತಾಡಲು ಶುರು ಮಾಡಿದ ಹೊತ್ತಿಗೆ ನಾವು ಕೇಳುವುದನ್ನು ನಿಲ್ಲಿಸಿದೆವು. 2021ರಲ್ಲಿ ಆಗಬೇಕಿದ್ದ ಗಣತಿಗೆ ಈಗ 2027ರ ಮಾರ್ಚ್ 1ನ್ನು ಆಧಾರ ದಿನ ಮಾಡಿದ್ದಾರೆ. ಅದರ ಪಟ್ಟಿಯಲ್ಲಿ ಆ ಕಾರಣ ಮತ್ತೆ ಇರಬೇಕು ಅನ್ನುವುದು ನನ್ನ ಆಸೆ.

ಅದೊಂದೇ ಸಾಲದು. 1991ರಲ್ಲಿ ನಾನು ಗಣತಿದಾರನಾಗಿದ್ದೆ. ಮೇಷ್ಟ್ರುಗಳಿಗೆ ಆ ಕೆಲಸ ತಪ್ಪಿದ್ದಲ್ಲ. ನನ್ನ ಪಾಲಿಗೆ ಬಂದದ್ದು ಅದೇ ಕಡಲ ಬದಿಯ ಕೇರಿಗಳು. ಆಗ ನನಗೂ ಒಂದು ವಿಷಯ ತಲೆಗೆ ಹೋಗಿರಲಿಲ್ಲ. ಗಣತಿಯ ಲೆಕ್ಕದಲ್ಲಿ ವಲಸೆ ಅಂದರೆ ಒಂದು ಗ್ರಾಮದಿಂದ ಇನ್ನೊಂದು ಗ್ರಾಮಕ್ಕೋ ಪಟ್ಟಣಕ್ಕೋ ಹೋಗುವುದು. ಅದೇ ಗ್ರಾಮದ ಒಳಗೆ ಕದಲಿದರೆ ಅದು ವಲಸೆ ಅಲ್ಲ.

ಕಳೆದ ಮಳೆಗಾಲ ಜಗಲಿಯಲ್ಲಿ ಕೂತಿದ್ದ ಆ ಅಮ್ಮ ಇದ್ದಾರಲ್ಲ, ಅವರು ಕಾಪುವಿನಿಂದ ಮದುವೆಯಾಗಿ ಬಂದವರು. ಮೊದಲ ಮನೆ ಬಾವಿಯ ಆಚೆ ಇತ್ತಂತೆ. ಅದು ಹೋದ ಮೇಲೆ ಈಚೆಗೆ ಒಂದು ಗುಡಿಸಲು ಹಾಕಿದರು. ಅದೂ ಹೋಯಿತು. ಈಗಿನದ್ದು ಮೂರನೆಯದು, ಭಾವನ ಪಾಲಿನ ಜಾಗದಲ್ಲಿ ಕಟ್ಟಿದ್ದು. ಮೂರೂ ಒಂದೇ ಗ್ರಾಮದಲ್ಲಿ, ಒಂದು ಫರ್ಲಾಂಗಿನ ಒಳಗೆ. 1991ರಲ್ಲಿ ಇವರ ಚೀಟಿ ಬರೆದದ್ದೂ ನಾನೇ ಇರಬೇಕು. "ಯಾವ ಊರಿಂದ ಬಂದದ್ದು" ಅಂತ ಕೇಳಿರುತ್ತೇನೆ, ಕಾಪು ಅಂತ ಹೇಳಿರುತ್ತಾರೆ. ಬಂದ ಕಾರಣದ ಮುಂದೆ ನಾನು ಬರೆದಿರುವುದು "ಮದುವೆ".